ಮಂಡಿಯ ಮೇಲೆ ನಾಲ್ಕು ಬೆರಳು

ಆ ಬೀದಿಯಲ್ಲಿ ಟೈಲರ್ ಮಾಸ್ಟ್ರನ್ನು ಹೆಸರು ಹಿಡಿದು ಕೂಗುವವರು ಯಾರೂ ಇರಲಿಲ್ಲ. ಒಂದಿಂಚು ಮಾಸ್ಟ್ರು ಅಂದರೆ ಸಾಕು, ಅಂಚೆಯವನೂ ನೇರ ಬಂದು ಹೊಲಿಗೆ ಮೆಷಿನ್ನಿನ ಮೇಲೆ ಕಾಗದ ಇಟ್ಟು ಹೋಗುತ್ತಿದ್ದ. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವುದು ಅವರ ಮುಖ್ಯ ಕಸುಬು. ಯಾವ ಮಗುವಿನ ಅಳತೆ ತೆಗೆದರೂ ಟೇಪಿನ ಮೇಲೆ ಹೆಬ್ಬೆರಳನ್ನು ಒಂದಿಂಚು ಆಚೆಗೆ ಜರುಗಿಸಿ, "ಮಕ್ಳು ಬೆಳೀತಾರೆ, ಬಟ್ಟೆ ಬೆಳೆಯಲ್ಲ" ಎನ್ನುವರು. ಹೀಗಾಗಿ ಆ ಬೀದಿಯ ಮಕ್ಕಳು ಶಾಲೆ ಶುರುವಾದಾಗ ಅಂಗಿಯೊಳಗೆ ಕಳೆದುಹೋಗಿರುತ್ತಿದ್ದರು. ವರ್ಷ ಮುಗಿಯುವ ಹೊತ್ತಿಗೆ ಹೇಗೋ ಸಿಕ್ಕಿಬಿಡುತ್ತಿದ್ದರು.

"ಜನರ ಮಾನ ಮುಚ್ಚೋದೇ ನನ್ನ ಕೆಲಸ" ಎಂದು ಮಾಸ್ಟ್ರು ಗಿರಾಕಿಗಳ ಮುಂದೆ ಹೇಳಿಕೊಳ್ಳುವುದಿತ್ತು. ಮಾನ ಅಂದರೆ ಅಳತೆಯೂ ಹೌದು, ಮರ್ಯಾದೆಯೂ ಹೌದು. ಅಳತೆಗೆ ಅವರ ಕೊರಳಲ್ಲಿ ಟೇಪಿತ್ತು. ಮರ್ಯಾದೆ ಅಳೆಯುವ ಟೇಪು ಎದುರಂಗಡಿಯ ಕಟಿಂಗ್ ಶಾಪಿನವನ ಬಾಯಲ್ಲಿತ್ತು. ಇಬ್ಬರದೂ ಕತ್ತರಿ ಹಿಡಿದ ಬದುಕೇ. ಆದರೆ ಅವನು ಕತ್ತರಿ ಕೆಳಗಿಟ್ಟ ಮೇಲೂ ಕತ್ತರಿಸುವ ಜಾಣ.

ಅವನ ಬಾಯಿಗೆ ಮಾಸ್ಟ್ರು ಸಿಕ್ಕಿದ್ದು ಸ್ವಂತ ಮಗಳ ದೆಸೆಯಿಂದ.

ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಹೈಸ್ಕೂಲಿನ ಓಟದ ಪಂದ್ಯಗಳಲ್ಲಿ ಅವಳಿಗೆ ಕೊನೆಯ ಸ್ಥಾನ ಖಾಯಂ. ಆದರೆ ಗೆದ್ದವರೆಲ್ಲ ಏದುಸಿರು ಬಿಡುತ್ತ ಹುಲ್ಲಿನ ಮೇಲೆ ಉರುಳಿಕೊಂಡಾಗಲೂ ಇವಳು ಇನ್ನೊಂದು ಸುತ್ತು ಹೋಗುತ್ತಲೇ ಇರುತ್ತಿದ್ದಳು. ಅದನ್ನು ಕಂಡ ಪಿ.ಟಿ. ಮಿಸ್, "ಈ ಹುಡುಗಿಗೆ ಹೊರಡೋದು ತಡ, ನಿಲ್ಲೋದು ಗೊತ್ತೇ ಇಲ್ಲ" ಎಂದು ಅವಳನ್ನು ನಡಿಗೆ ಸ್ಪರ್ಧೆಗೆ ಹಾಕಿದರು.

ನಡೆಯುವುದರಲ್ಲೂ ಸ್ಪರ್ಧೆ ಇದೆ ಅನ್ನುವುದು ಮಾಸ್ಟ್ರಿಗೆ ಆವತ್ತೇ ಗೊತ್ತಾಗಿದ್ದು. ಅದರ ಕಟ್ಟಳೆ ಎರಡೇ. ಒಂದು ಪಾದವಾದರೂ ಸದಾ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈ ಅದರ ಮೇಲೆ ಹಾದುಹೋಗುವ ತನಕ ಮಂಡಿ ಬಗ್ಗಬಾರದು. ಇವೆರಡರ ನಡುವೆ ಸಿಕ್ಕಿಕೊಂಡು ಮನುಷ್ಯ ಜೋರಾಗಿ ಹೋಗಬೇಕೆಂದರೆ ಸೊಂಟಕ್ಕೆ ಬೇರೆ ದಾರಿಯೇ ಇಲ್ಲ. ಅದು ಕುಲುಕಲೇಬೇಕು. ಪುಟ್ಟಿಯ ಸೊಂಟ ಮುಂಜಾನೆ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ, ಬೀದಿಯ ಈ ತುದಿಯಿಂದ ಆ ತುದಿಗೆ ಕುಲುಕುತ್ತ ಹೋಗತೊಡಗಿತು.

"ಏನ್ ಮಾಸ್ಟ್ರೇ," ಎಂದ ಕಟಿಂಗ್ ಶಾಪಿನವನು, ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುತ್ತ. "ಪುಟ್ಟಿಗೆ ಬಾತ್‌ರೂಮು ಅರ್ಜೆಂಟಾ?"

ನೊರೆ ಬಳಿದ ಮುಖ ನಕ್ಕಿತು. ಮಾರನೆಯ ದಿನ ಬೀದಿಯೇ ನಕ್ಕಿತು. ವಾರ ಕಳೆಯುವುದರೊಳಗೆ ಪುಟ್ಟಿಗೆ ಬಾತುಕೋಳಿ ಎಂಬ ಹೆಸರು ಬಂತು. ಊರವರ ಬಟ್ಟೆಗೆಲ್ಲ ಹೊಲಿಗೆ ಹಾಕುತ್ತಿದ್ದ ಮಾಸ್ಟ್ರು ಊರವರ ಬಾಯಿಗೆ ಹೊಲಿಗೆ ಹಾಕುವುದು ಹೇಗೆಂದು ತಿಳಿಯದೆ ಮೆಷಿನ್ನಿನ ಮೇಲೆ ಇನ್ನಷ್ಟು ಬಗ್ಗಿದರು.

"ಅಷ್ಟು ಅವಸರ ಇದ್ರೆ ಓಡಬಾರ್ದೇನೇ?" ಎಂದು ಮನೆಯಲ್ಲಿ ಕೇಳಿದರು. "ಓಡೋರನ್ನ ನೋಡಿ ಯಾರೂ ನಗಲ್ಲ."

"ಓಡಿದ್ರೆ ಹೊರಗೆ ಹಾಕ್ತಾರಪ್ಪ."

"ಯಾರು?"

"ಜಡ್ಜು."

"ಓಡದೇ ಇದ್ರೆ ನಾನು ಹೊರಗೆ ಹಾಕ್ತೀನಿ."

"ಹಾಕಿ ನೋಡೋಣ," ಎಂದರು ಹೆಂಡತಿ, ಕಾಜಾ ಹೊಲಿಯುತ್ತ, ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನೂ ಬಿಡದೆ. "ನೀವು ಎದ್ದು ಬಾಗಿಲು ತೆಗೆಯೋ ಅಷ್ಟರಲ್ಲಿ ಅವಳು ಊರಾಚೆ ಇರ್ತಾಳೆ."

ನಡತೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ಹುಡುಗಿ ನಡಿಗೆಯಿಂದ ಅಪ್ಪನ ತಲೆ ತಗ್ಗಿಸಿದಳು ಅನ್ನುವುದು ಮಾಸ್ಟ್ರ ಅಂಬೋಣ. ಅವಳು ಏನೇನು ಬಿಟ್ಟಳು ಅನ್ನುವುದು ಅವರ ಕಣ್ಣಿಗೆ ಬೀಳಲಿಲ್ಲ. ಪಕ್ಕದ ಮನೆಯ ಟಿ.ವಿ. ಶುರುವಾಗುವ ಹೊತ್ತಿಗೆ ಅವಳು ದಿಂಬಿಗೆ ತಲೆ ಕೊಟ್ಟಿರುತ್ತಿದ್ದಳು. ಚಿಕ್ಕಮ್ಮನ ಮಗಳ ಮದುವೆಗೆ ಊಟದ ಹೊತ್ತಿಗೆ ಬಂದು, ಸಿಹಿಯ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ದಾಟಿಸಿ, ಫೋಟೋ ತೆಗೆಯುವ ಮೊದಲೇ ಮೈದಾನಕ್ಕೆ ಹೊರಟಳು. ಆ ಮದುವೆಯ ಒಂದು ಚಿತ್ರದಲ್ಲೂ ಅವಳಿಲ್ಲ. ಗೆಳತಿಯರು ಹುಟ್ಟುಹಬ್ಬಕ್ಕೆ ಕರೆದು ಕರೆದು ಸುಸ್ತಾಗಿ ಕರೆಯುವುದನ್ನೇ ಬಿಟ್ಟರು. ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಕಳಚಿ ಬಂದಾಗ ಎಲ್ಲಿ ಎಸೆಯುವುದೆಂದು ತಿಳಿಯದೆ ಅಪ್ಪನ ಗುಂಡಿ ಡಬ್ಬಿಯಲ್ಲಿ ಹಾಕಿದಳು. ಮಾಸ್ಟ್ರು ಅದನ್ನು ಯಾವುದೋ ಫ್ಯಾನ್ಸಿ ಗುಂಡಿಯೆಂದು ಬೆಳಕಿಗೆ ಹಿಡಿದು, ಅದರ ಜೊತೆಯದಕ್ಕಾಗಿ ಅರ್ಧ ಬೆಳಗು ಹುಡುಕಿದರು.

ಅವಳಿಗೆ ಸಿಕ್ಕಿದ್ದೂ ಅವರ ಕಣ್ಣಿಗೆ ಬೀಳಲಿಲ್ಲ. ಲೆಕ್ಕ ತಪ್ಪಾದರೆ ಪುಸ್ತಕ ಎಸೆದು ಅಳುತ್ತಿದ್ದ ಹುಡುಗಿ ಈಗ ರಬ್ಬರಿನಿಂದ ಉಜ್ಜಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಯಾರೂ ಎಬ್ಬಿಸದೆ ಏಳುತ್ತಿದ್ದಳು. ಬೀದಿ ಬಾತುಕೋಳಿ ಎಂದು ಕೂಗಿದರೆ ತಲೆಯನ್ನು ಅತ್ತ ತಿರುಗಿಸುತ್ತಲೂ ಇರಲಿಲ್ಲ. "ತಿರುಗಿದ್ರೆ ಹೆಜ್ಜೆ ತಪ್ಪುತ್ತಮ್ಮ" ಎಂದು ತಾಯಿಗೆ ಹೇಳಿದ್ದಳಂತೆ.

ಬೆಳಗಿನ ಸುತ್ತು ಮುಗಿಸಿ ಅವಳು ಅಂಗಡಿಯ ಮೆಟ್ಟಿಲ ಬಳಿ ಬರುತ್ತಿದ್ದಳು. ತಾಯಿ ಅಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೀರು ಮುಚ್ಚಿಟ್ಟಿರುತ್ತಿದ್ದರು. ನಿಂತಲ್ಲೇ ಕುಡಿದು, ಲೋಟ ಬೋರಲು ಹಾಕಿ, ಅಪ್ಪನತ್ತ ಒಮ್ಮೆ ನೋಡಿ ಮನೆಗೆ ಹೋಗುವುದು ರೂಢಿ.

ಒಂದು ಬೆಳಗ್ಗೆ ಮಾಸ್ಟ್ರ ಅಂಗಡಿಗೆ ಬ್ಯಾಂಕ್ ಮ್ಯಾನೇಜರು ಬಂದಿದ್ದರು. ಮಾಸ್ಟ್ರ ಪಾಲಿಗೆ ಅದು ಮೊದಲನೆಯ ಕೋಟು. ಮ್ಯಾನೇಜರು ಇನ್ನೂ ತೋಳು ಜೋಡಿಸದ ಕೋಟಿನಲ್ಲಿ ಕೈ ಅಗಲಿಸಿ ಬೆದರುಬೊಂಬೆಯಂತೆ ನಿಂತಿದ್ದರು. ಮಾಸ್ಟ್ರ ಬಾಯಲ್ಲಿ ಗುಂಡುಪಿನ್ನುಗಳು. ಪುಟ್ಟಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡು ಕುಲುಕುತ್ತ ಇತ್ತಲೇ ಬಂದಳು.

"ಯಾರ ಮನೆ ಹುಡುಗಿ ರೀ ಅದು?" ಎಂದರು ಮ್ಯಾನೇಜರು. "ಕಾಲಿಗೆ ಏನಾದ್ರೂ ತೊಂದ್ರೆನಾ, ಪಾಪ?"

ಬಾಯ್ತುಂಬ ಪಿನ್ನು. ಸುಮ್ಮನಿರುವುದಕ್ಕೆ ಅಷ್ಟು ಒಳ್ಳೆಯ ನೆಪ ಯಾರಿಗೂ ಸಿಗದು. ಆದರೂ ಮಾಸ್ಟ್ರು ಒಂದೊಂದೇ ಪಿನ್ನನ್ನು ಬಾಯಿಂದ ತೆಗೆದು, ಮಣಿಕಟ್ಟಿನ ದಿಂಬಿಗೆ ಚುಚ್ಚಿ, ಶ್ರಮಪಟ್ಟು ಹೇಳಿದರು: "ಯಾರೋ ಗೊತ್ತಿಲ್ಲ ಸಾರ್. ಈ ಕಡೆಯೋರಲ್ಲ."

ಹೇಳಿ ತಲೆಯೆತ್ತಿದರೆ ಪುಟ್ಟಿ ಮೆಟ್ಟಿಲ ಬಳಿ ಬಂದಾಗಿತ್ತು. ಅವಳ ಕೈ ಲೋಟದ ಮೇಲಿತ್ತು. ಎತ್ತಲಿಲ್ಲ. ಮುಚ್ಚಿದ ತಟ್ಟೆಯನ್ನು ಸರಿಯಾಗಿ ಕೂರಿಸಿ, ಅಪ್ಪನತ್ತ ನೋಡದೆ, ಈ ಕಡೆಯವಳಲ್ಲದವಳಂತೆಯೇ ಹೊರಟುಹೋದಳು. ಮಾಸ್ಟ್ರಿಗೆ ಆ ಪಿನ್ನುಗಳನ್ನು ತೆಗೆಯುವ ಬದಲು ನುಂಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮಾರನೆಯ ಬೆಳಗ್ಗೆ ನೀರು ಮೆಟ್ಟಿಲ ಮೇಲೆಯೇ ಉಳಿಯಿತು. ಪುಟ್ಟಿ ಎದುರಿನ ಕಟಿಂಗ್ ಶಾಪಿನ ಜಗಲಿಯಲ್ಲಿ ನಿಂತು ಕುಡಿಯುತ್ತಿದ್ದಳು. ಬಾತುಕೋಳಿ ಎಂದು ಹೆಸರಿಟ್ಟವನೇ ತಂಬಿಗೆ ಹಿಡಿದು, "ನಿಧಾನ ಕಣವ್ವಾ, ನೆತ್ತಿಗೇರುತ್ತೆ" ಎನ್ನುತ್ತಿದ್ದ.

ಆ ವರ್ಷದ ಕೊನೆಗೆ ದೊಡ್ಡ ಕ್ರೀಡಾಕೂಟ ಬಂತು. ನಡಿಗೆಯಲ್ಲಿ ಗೆದ್ದವರಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು, ಅಲ್ಲೇ ಹಾಸ್ಟೆಲ್ಲು, ಅಲ್ಲೇ ತರಬೇತಿ. ಪಿ.ಟಿ. ಮಿಸ್ ತಾವೇ ಬಟ್ಟೆ ಹಿಡಿದು ಅಂಗಡಿಗೆ ಬಂದರು.

"ಮಾಸ್ಟ್ರೇ, ಚಡ್ಡಿ ಮಂಡಿ ಮೇಲೆ ನಾಲ್ಕು ಬೆರಳು ನಿಲ್ಬೇಕು. ತೊಡೆಗೆ ಅಂಟಿದ ಹಾಗಿರ್ಬೇಕು. ಮಂಡಿ ಜಡ್ಜಿಗೆ ಕಾಣ್ಬೇಕು, ಅದೇ ಮುಖ್ಯ."

"ಒಂದಿಂಚು..."

"ಅರ್ಧ ಇಂಚೂ ಬೇಡ."

ಮಾಸ್ಟ್ರು ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಊರಿಗೆ ಊರೇ ಕೂತು ನೋಡುವ ಮೈದಾನ ಕಣ್ಣಿಗೆ ಬಂತು. ಗುರುತು ಒಂದಿಂಚು ಕೆಳಗಿಳಿಯಿತು. ಬ್ಯಾಂಕ್ ಮ್ಯಾನೇಜರು ಕಣ್ಣಿಗೆ ಬಂದರು; ಇನ್ನಷ್ಟು ಇಳಿಯಿತು. ಕಟಿಂಗ್ ಶಾಪಿನವನು ಬರುವ ಹೊತ್ತಿಗೆ ಅದು ಮಂಡಿ ದಾಟಿತ್ತು. ಸೊಂಟದ ಕುಲುಕು ಕಾಣದ ಹಾಗೆ ಸುತ್ತಳತೆಯನ್ನೂ ಧಾರಾಳವಾಗಿ ಬಿಟ್ಟರು. ಬೇರೆ ಹೊಲಿಸಲು ಹೊತ್ತಿರಬಾರದೆಂದು, ಬಸ್ಸು ಹೊರಡುವ ಬೆಳಗ್ಗೆಯೇ ಅದನ್ನು ಮಗಳ ಕೈಗಿಟ್ಟರು.

"ಗಾಳಿ ಆಡ್ಲಿ ಅಂತ ಸ್ವಲ್ಪ ಸಡಿಲ ಬಿಟ್ಟಿದೀನಿ," ಎಂದರು. "ಬೆಳೆಯೋ ಮೈ."

ಪುಟ್ಟಿ ಅದನ್ನು ಸೊಂಟಕ್ಕೆ ಹಿಡಿದು ನೋಡಿದಳು. ಅಪ್ಪನನ್ನು ನೋಡಿದಳು. "ಆಯ್ತಪ್ಪ" ಎಂದಳು.

ಮಾಸ್ಟ್ರೂ ಹೋದರು, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕೂತರು. ನಡಿಗೆ ಶುರುವಾಯಿತು. ಮೊದಲ ಸುತ್ತಿನಲ್ಲೇ ಅವರಿಗೆ ಒಂದು ವಿಚಿತ್ರ ಗೊತ್ತಾಯಿತು: ಇಲ್ಲಿ ಯಾರೂ ನಗುತ್ತಿರಲಿಲ್ಲ. ಹುಡುಗಿಯರೆಲ್ಲ ಕುಲುಕುತ್ತಿದ್ದರು, ಅವರ ಅಪ್ಪಂದಿರು ಬೇಲಿಗೆ ಆತುಕೊಂಡು, "ಬಿಡಬೇಡ ಮಗಳೇ, ಸೊಂಟ, ಸೊಂಟ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮುಚ್ಚಬೇಕಾದದ್ದು ಇಲ್ಲಿ ಏನೂ ಇರಲೇ ಇಲ್ಲ. ಟೋಪಿ ಹಾಕಿ ಮುಖ ಮುಚ್ಚಿಕೊಂಡಿದ್ದವರು ಇಡೀ ಮೈದಾನದಲ್ಲಿ ಅವರೊಬ್ಬರೇ.

ಎಲ್ಲರಿಗಿಂತ ಮುಂದೆ ಪುಟ್ಟಿ ಇದ್ದಳು. ಅವಳ ಚಡ್ಡಿಯೂ ಇತ್ತು. ಪ್ರತಿ ಹೆಜ್ಜೆಗೂ ಅದು ಗಾಳಿ ತುಂಬಿ ಉಬ್ಬಿ, ಮಂಡಿಯ ಮುಂದೆ ಚೀಲದಂತೆ ಜೋತು, ಮತ್ತೆ ಪಟಪಟನೆ ಬಡಿಯುತ್ತಿತ್ತು. ಒಳಗೆ ಕಾಲು ಕೋಲಿನ ಹಾಗೆ ನೇರವಾಗಿತ್ತು. ಹೊರಗೆ ಬಟ್ಟೆ ಬಗ್ಗುತ್ತಿತ್ತು. ಬಟ್ಟೆ ಹೇಗೆ ಬೀಳುತ್ತದೆ ಅನ್ನುವುದು ಮಾಸ್ಟ್ರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಜಡ್ಜುಗಳ ಹತ್ತಿರ ಇದ್ದದ್ದು ಬರೀ ಕಣ್ಣು. ಒಬ್ಬರು ಚೀಟಿ ಬರೆದರು. ಆಚೆ ತಿರುವಿನಲ್ಲಿ ಇನ್ನೊಬ್ಬರು ಬರೆದರು. ಮೂರನೆಯವರೂ ಬರೆದ ಮೇಲೆ ಮುಖ್ಯ ಜಡ್ಜು ಅಡ್ಡ ಬಂದು ಕೆಂಪು ಹಲಗೆ ತೋರಿಸಿದರು. ಮಂಡಿ ಬಗ್ಗಿದೆ, ಹೊರಗೆ.

ಮಾಸ್ಟ್ರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪಿ.ಟಿ. ಮಿಸ್ ಬೇಲಿಯ ಬಳಿ ಸಿಡಿಯುತ್ತಿದ್ದರು.

"ಏನೇ ಇದು, ಚಡ್ಡಿನೋ ಕಿಟಕಿ ಪರದೆನೋ? ಬಸ್ಸಲ್ಲೇ ಕತ್ತರಿ ಕೈಗೆ ಕೊಟ್ಟು ಕತ್ತರಿಸ್ಕೋ ಅಂದೆನಲ್ಲ, ಕೇಳಿದ್ಯಾ?"

"ಅಪ್ಪ ಹೊಲಿದಿದ್ದು ಮಿಸ್."

"ಅದಕ್ಕೆ?"

"ಅದಕ್ಕೇ." ಪುಟ್ಟಿ ಬೆವರು ಒರೆಸಿಕೊಂಡಳು. "ಮಂಡಿ ಬಗ್ಗಿತ್ತು ಮಿಸ್. ಜಡ್ಜು ನೋಡಿದಾರೆ."

ಹಾಗೆಂದು ನೇರ ಹೋಗಿ ಮುಖ್ಯ ಜಡ್ಜಿನ ಕೈ ಕುಲುಕಿದಳು. ಹಾಗೆ ಮಾಡಬೇಕೆಂದು ಮಿಸ್ಸೇ ಕಲಿಸಿದ್ದು. ಈಗ ಅವರೇ ಮುಖ ತಿರುಗಿಸಿಕೊಂಡರು. ಮಾಸ್ಟ್ರು ಎರಡು ಮಾರು ದೂರದಲ್ಲಿ ನಿಂತಿದ್ದರು. ಈಗಲಾದರೂ ಬಾಯಿ ಬಿಡಬಹುದಿತ್ತು. ಬಾಯಲ್ಲಿ ಪಿನ್ನೂ ಇರಲಿಲ್ಲ. ನೆಲವಾದರೂ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದರು. ಆದರೆ ಸಾವಿರ ಕಾಲು ತುಳಿದು ಗಟ್ಟಿಯಾದ ಮೈದಾನದ ನೆಲ ಅಷ್ಟು ಸುಲಭಕ್ಕೆ ಬಾಯಿ ಬಿಡುವಂಥದ್ದಲ್ಲ.

"ಬಾಪ್ಪ, ಬಸ್ಸಿಗೆ ಹೊತ್ತಾಯ್ತು" ಎಂದಳು ಮಗಳು.

ಆ ಕಾಲೇಜು ಹೋಯಿತು. ಪುಟ್ಟಿ ಊರಿನ ಕಾಲೇಜಿಗೇ ಸೇರಿ, ನಡೆಯುವುದನ್ನು ಬಿಡದೆ, ನರ್ಸಿಂಗ್ ಓದಿ ದೊಡ್ಡಾಸ್ಪತ್ರೆಯಲ್ಲಿ ನರ್ಸಾದಳು. ಉಳಿದವರು ಪಾಳಿ ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ನಿಂತರೆ ಇವಳು ವಾರ್ಡಿನ ಆ ತುದಿಯಿಂದ ಈ ತುದಿಗೆ ಬೆಳಗ್ಗೆ ಬಂದ ಹಾಗೆಯೇ ಹೋಗುತ್ತಿದ್ದಳು. "ಇವಳ ಕಾಲನ್ನ ಮನೇಲಿ ಚಾರ್ಜಿಗೆ ಹಾಕ್ತೀರಾ?" ಎಂದು ಹೆಡ್ ನರ್ಸು ಮಾಸ್ಟ್ರ ಹೆಂಡತಿಯನ್ನು ಕೇಳಿದ್ದರಂತೆ. ಇನ್ನೊಮ್ಮೆ ಯಾವುದೋ ರೋಗಿಗೆ ಔಷಧಿಯ ಹೊತ್ತು ತಪ್ಪಿದಾಗ, ಯಾರೂ ಕೇಳುವ ಮೊದಲೇ ಡಾಕ್ಟರ ಮುಂದೆ ಹೋಗಿ, "ನಂದೇ ತಪ್ಪು ಸಾರ್, ಈಗೇನು ಮಾಡ್ಬೇಕು ಹೇಳಿ" ಎಂದಳಂತೆ. ವಾರ್ಡೆಲ್ಲ ಅದೇ ಮಾತು.

ಹೆಂಡತಿ ಇದನ್ನು ಹೆಮ್ಮೆಯಿಂದ ಹೇಳುವಾಗ ಮಾಸ್ಟ್ರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದರು. ಮಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಮಾತು ಅಪ್ಪನ ಗಂಟಲಲ್ಲಿ ವರ್ಷಗಳಿಂದ ಸಿಕ್ಕಿಕೊಂಡಿತ್ತು. ಯತ್ನಿಸಿರಲಿಲ್ಲ ಎಂದಲ್ಲ.

"ಪುಟ್ಟಿ, ಆವತ್ತು ಆ ಚಡ್ಡಿ..."

"ಯಾವ ಚಡ್ಡಿ ಅಪ್ಪ?"

"ಏನಿಲ್ಲ. ನಂದು. ಗುಂಡಿ ಬಿಚ್ಚಿತ್ತು."

ಯಾರಾದರೂ ಒಂದಿಂಚು ಮಾಸ್ಟ್ರೇ ಎಂದು ಕರೆದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವರ ಕೈ ತನ್ನಷ್ಟಕ್ಕೆ ಕೊರಳ ಟೇಪಿಗೆ ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಮಗಳು ಅವರಿಂದ ಶರ್ಟು ಹೊಲಿಸಿಕೊಂಡಳು, ಆಸ್ಪತ್ರೆಯ ಕೋಟು ಹೊಲಿಸಿಕೊಂಡಳು. ನಡೆಯಲು ಹಾಕುವ ಬಟ್ಟೆಯನ್ನು ಮಾತ್ರ ರೆಡಿಮೇಡ್ ಅಂಗಡಿಯಿಂದ ತಂದಳು. ನೀರನ್ನು ಎದುರು ಜಗಲಿಯಲ್ಲೇ ಕುಡಿದಳು. ಎರಡರ ಬಗ್ಗೆಯೂ ಮನೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ.

ಪಿ.ಟಿ. ಮಿಸ್ ನಿವೃತ್ತರಾದಾಗ ಶಾಲೆಯ ನಡಿಗೆಯ ಹುಡುಗಿಯರನ್ನು ನೋಡಿಕೊಳ್ಳಲು ಪುಟ್ಟಿಯನ್ನೇ ಕೇಳಿದರು. ಡ್ಯೂಟಿ ಮುಗಿಸಿ ಅವಳು ಮೈದಾನಕ್ಕೆ ಹೋಗತೊಡಗಿದಳು. ಕ್ರೀಡಾಕೂಟ ಹತ್ತಿರ ಬಂದಾಗ ಒಂದು ಸಂಜೆ ಅಂಗಡಿಗೆ ಬಂದು ಬಟ್ಟೆಯ ಗಂಟನ್ನು ಮೆಷಿನ್ನಿನ ಮೇಲಿಟ್ಟಳು.

"ರೆಡಿಮೇಡು ಈ ಪುಟಾಣಿಗಳ ಸೊಂಟಕ್ಕೆ ನಿಲ್ತಿಲ್ಲಪ್ಪ. ಮಕ್ಳು ನಾಳೆ ಬಂದು ಅಳತೆ ಕೊಡ್ತಾರೆ. ಮಂಡಿ ಮೇಲೆ..."

"ನಾಲ್ಕು ಬೆರಳು," ಎಂದರು ಮಾಸ್ಟ್ರು.

ಅವಳು ಒಂದು ಗಳಿಗೆ ಅವರನ್ನು ನೋಡಿ, "ಹೂಂ" ಎಂದು ಹೋದಳು. ಮಾಸ್ಟ್ರು ಗಂಟು ಬಿಚ್ಚಿ ಬಟ್ಟೆಯನ್ನು ಮಡಿಚಿಟ್ಟರು. ಇದರಲ್ಲಿ ತಪ್ಪಿದರೆ ಇನ್ನೊಂದು ಗಂಟು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಳತೆ ತೆಗೆಯುವಾಗ ಹೆಬ್ಬೆರಳು ಹಳೆಯ ಚಾಳಿಗೆ ಜಾರದಂತೆ ಅದನ್ನು ಎಡಗೈಯಲ್ಲಿ ಹಿಡಿದುಕೊಂಡರು.

ಚಡ್ಡಿಗಳನ್ನು ಕತ್ತರಿಸುವ ದಿನ ಬಸ್ ಕಂಡಕ್ಟರೊಬ್ಬ ಅಂಗಡಿಗೆ ಬಂದ. ತಂಡದ ಹುಡುಗಿಯೊಬ್ಬಳ ಅಪ್ಪ. ಬಸ್ಸಿನಲ್ಲಿ ಕಿರುಚಿ ಕಿರುಚಿ ದಪ್ಪಗಾದ ಗಂಟಲನ್ನು ಪಿಸುಮಾತಿಗೆ ಇಳಿಸಿದ.

"ಮಾಸ್ಟ್ರೇ, ನನ್ನ ಮಗಳದ್ದು ಮಾತ್ರ ಸ್ವಲ್ಪ ಉದ್ದ ಇರ್ಲಿ. ಮಂಡಿ ಮುಚ್ಚೋ ಹಾಗೆ. ನಮ್ಮ ಡಿಪೋದಲ್ಲಿ ಎಲ್ಲಾ ಆಡ್ಕೊಂಡು ನಗ್ತಾರೆ. ಮೇಡಂಗೆ ಹೇಳ್ಬೇಡಿ, ಬೆಳೆಯೋ ಮಗು ಅಂತ ಅಂದ್ಬಿಡಿ. ನೀವು ಒಂದಿಂಚು ಬಿಡೋರು ಅಂತಾನೇ ಬಂದೆ."

ಮಾಸ್ಟ್ರಿಗೆ ಯಾರೋ ತಮ್ಮ ಹಳೆಯ ಅಂಗಿಯನ್ನು ತೊಟ್ಟು ತಮ್ಮೆದುರೇ ಬಂದು ನಿಂತ ಹಾಗಾಯಿತು.

"ಆಗಲ್ಲಪ್ಪ. ಬಟ್ಟೆ ಮಂಡಿ ಮೇಲೆ ಬಂದ್ರೆ ಕಾಲು ನೆಟ್ಟಗಿದ್ರೂ ಬಗ್ಗಿದ ಹಾಗೆ ಕಾಣುತ್ತೆ."

"ಅಯ್ಯೋ, ಅದೆಲ್ಲ ಯಾರು ನೋಡ್ತಾರೆ ಬಿಡಿ. ಒಂದಿಂಚಲ್ವಾ?"

ಎದುರು ಜಗಲಿಯಿಂದ ಕಟಿಂಗ್ ಶಾಪಿನವನು ಕತ್ತರಿ ನಿಲ್ಲಿಸಿ ಇತ್ತಲೇ ಕಿವಿಯಾಗಿದ್ದ. ಮಾಸ್ಟ್ರು ಕೈಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು. ಮೆಟ್ಟಿಲಿಳಿದು ಬೀದಿಯ ನಡುವೆ ನಿಂತು, ಎರಡೂ ಕಾಲಿನ ಪ್ಯಾಂಟನ್ನು ಮಂಡಿಯ ಮೇಲೆ ನಾಲ್ಕು ಬೆರಳಿಗೆ ಮಡಚಿದರು. ಬಿಸಿಲನ್ನೇ ಕಾಣದ ಕಾಲುಗಳು ಸುಲಿದ ಕಡ್ಡಿಯ ಹಾಗೆ ಹೊರಗೆ ಬಂದವು.

"ನೋಡ್ಕೊ" ಎಂದು ನಡೆದರು. ಕೊರಳಲ್ಲಿ ಟೇಪು ಅತ್ತಿತ್ತ ತೂಗಿತು. ಸೊಂಟ ಕುಲುಕಿತು, ಅದಕ್ಕೆ ಕುಲುಕಿ ಗೊತ್ತಿರದೆ ಒಮ್ಮೆ ತಪ್ಪು ಕಡೆಗೂ ಕುಲುಕಿತು. ಅಂಗಡಿಗಳಿಂದ ತಲೆಗಳು ಹೊರಗೆ ಬಂದವು. ತಿರುವಿನ ತನಕ ಹೋಗಿ ತಿರುಗಿದರು. ಒಂದು ಕಾಲಿನ ಪ್ಯಾಂಟನ್ನು ಮಾತ್ರ ಕೆಳಗೆ ಬಿಟ್ಟು ಅದೇ ದಾರಿಯಲ್ಲಿ ಕುಲುಕುತ್ತ ವಾಪಸು ಬಂದರು.

"ಮಾಸ್ಟ್ರೇ," ಎಂದಿತು ಎದುರು ಜಗಲಿ, ಅಭ್ಯಾಸ ಬಲ, "ಬಾತ್‌ರೂಮು ಅರ್ಜೆಂಟಾ?"

ಬೀದಿ ಗೊಳ್ಳೆಂದಿತು. ಇಷ್ಟು ವರ್ಷ ಯಾವ ನಗೆಯನ್ನು ತಪ್ಪಿಸಿಕೊಳ್ಳಲು ಮಗಳ ಮಂಡಿ ಮುಚ್ಚಿದರೋ ಅದು ಪೂರ್ತಿಯಾಗಿ ಅವರ ತಲೆಯ ಮೇಲೆ ಬಿತ್ತು. ಕಿವಿ ಕೆಂಪಾಯಿತು. ಇಂಥದ್ದನ್ನು ಹುಡುಗಿ ದಿನಾ ಬೆಳಗ್ಗೆ ತಲೆ ತಿರುಗಿಸದೆ ದಾಟಿದ್ದಳು.

"ಹೇಳು," ಎಂದರು ಕಂಡಕ್ಟರಿಗೆ, ಏದುಸಿರಿನಲ್ಲಿ. "ಯಾವ ಮಂಡಿ ಬಗ್ಗಿತ್ತು?"

"ಬಟ್ಟೆ ಬಿಟ್ಟಿದ್ದು."

"ಬಗ್ಗಿರ್ಲಿಲ್ಲ. ಬಟ್ಟೆ ಬಗ್ಗಿದ್ದು." ಕೆಳಗೆ ಬಿಟ್ಟಿದ್ದ ಪ್ಯಾಂಟಿನ ಕಾಲನ್ನು ಹಿಡಿದು ಅಲ್ಲಾಡಿಸಿದರು. "ಆವತ್ತು ನಮ್ಮ ಪುಟ್ಟೀದೂ ಬಗ್ಗಿರ್ಲಿಲ್ಲ. ಬೇಕು ಅಂತಾನೇ ಉದ್ದ ಹೊಲಿದೆ. ನನ್ನ ಮಾನ ಮುಚ್ಚೋಕೆ. ಮಗಳು ಹೊರಗೆ ಬಿದ್ದಳು, ನಾನು ಬಾಯಿ ಮುಚ್ಕೊಂಡು ಮನೆಗೆ ಬಂದೆ."

ನಗು ನಿಂತಿತು. ಕಂಡಕ್ಟರ್ ಮಾಸ್ಟ್ರನ್ನು ನೋಡುತ್ತಿರಲಿಲ್ಲ. ಅವರ ಹಿಂದೆ ಯಾರನ್ನೋ ನೋಡುತ್ತಿದ್ದ. ಚಡ್ಡಿಗಳು ಎಲ್ಲಿಗೆ ಬಂದವು ಎಂದು ಕೇಳಲು ಬಂದ ಪುಟ್ಟಿ, ಆಸ್ಪತ್ರೆಯ ಬಿಳಿ ಕೋಟಿನಲ್ಲಿ, ಎದುರು ಜಗಲಿಯ ಬಳಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಮಾಸ್ಟ್ರು ತಲೆಯೆತ್ತಲಿಲ್ಲ. ಒಂದು ಕಾಲು ಮುಚ್ಚಿ, ಒಂದು ಕಾಲು ತೆರೆದು, ನಿಂತೇ ಇದ್ದರು.

"ಬಗ್ಗಿತ್ತಪ್ಪ," ಎಂದಳು ಪುಟ್ಟಿ.

"ಇಲ್ಲ ಪುಟ್ಟಿ. ನಾನೇ ನೋಡಿದೀನಿ, ನಿಂದು..."

"ನಂದಲ್ಲ, ನಿಂದು. ಹೋಗುವಾಗ್ಲೂ ಬಗ್ಗಿತ್ತು, ಬರುವಾಗ್ಲೂ ಬಗ್ಗಿತ್ತು. ತಿರುವಿನ ಹತ್ರ ಎರಡೂ ಕಾಲು ಗಾಳೀಲಿತ್ತು." ಅವಳ ದನಿ ಜಡ್ಜಿನದೇ, ಆದರೆ ಕಣ್ಣು ಒದ್ದೆಯಾಗಿತ್ತು. "ನಂದು ಬಗ್ಗಿರ್ಲಿಲ್ಲ ಅಂತ ನಂಗೆ ಗೊತ್ತು. ಆವತ್ತೇ ಗೊತ್ತಿತ್ತು."

ಕಟಿಂಗ್ ಶಾಪಿನವನು ಏನು ಮಾಡಬೇಕೆಂದು ತೋಚದೆ ತಂಬಿಗೆ ಮುಂದೆ ಹಿಡಿದ. ಪುಟ್ಟಿ ಅದನ್ನು ತೆಗೆದುಕೊಳ್ಳದೆ ಬೀದಿ ದಾಟಿ ಬಂದು ಅಪ್ಪನ ಅಂಗಡಿಯ ಮೆಟ್ಟಿಲ ಬಳಿ ನಿಂತಳು.

"ನೀರಿದ್ಯಾ?"

ಮಾಸ್ಟ್ರು ಒಳಗೆ ಓಡಿದರು. ಹೂಜಿಯಲ್ಲಿ ನೀರಿತ್ತು, ಲೋಟ ಸಿಗಲಿಲ್ಲ. ಗುಂಡಿ ಡಬ್ಬಿ ಸರಿಸಿದರು, ಚಿಂದಿಗಳ ರಾಶಿ ಕೆದಕಿದರು. ಹೊರಗೆ ಮಗಳು ಕಂಡಕ್ಟರಿಗೆ, "ಬಿಸಿಲಿದೆ, ಒಳಗೆ ಬನ್ನಿ, ಚಡ್ಡಿ ನೋಡ್ಕೊಂಡೇ ಹೋಗಿ" ಎನ್ನುತ್ತಿದ್ದುದು ಕೇಳುತ್ತಿತ್ತು. ಆ ಲೋಟವನ್ನು ಹೆಂಡತಿ ಎಂದೋ ಮನೆಗೆ ಒಯ್ದಿದ್ದರು. ಕೊನೆಗೆ ಮಾಸ್ಟ್ರು ಹೂಜಿಯನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು, ಪ್ಯಾಂಟು ಇಳಿಸುವುದನ್ನೂ ಮರೆತು, ಹೊಸ್ತಿಲಿಗೆ ಬಂದರು. ಮಗಳ ಮುಖ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಅವಳು ಬೊಗಸೆಯೊಡ್ಡಿದಳು. ಆ ಬೊಗಸೆಯನ್ನೇ ನೋಡುತ್ತ, ಒಂದು ಹನಿಯೂ ಚೆಲ್ಲದಂತೆ, ನಿಧಾನಕ್ಕೆ ಹೊಯ್ದರು.